ದಾಸಿಯ ಪಾತ್ರಕ್ಕೆ ಮಾತಿರಲಿಲ್ಲ

ಸರಪಳಿಯ ಉದ್ದ ಒಂದು ಮೀಟರು ಇಪ್ಪತ್ತು ಸೆಂಟಿಮೀಟರು. ಒಂದು ತುದಿಯ ಕೊಂಡಿಯಲ್ಲಿ ಅಂಗಡಿಯ ಬೆಲೆಚೀಟಿ ಇನ್ನೂ ಅಂಟಿಕೊಂಡಿತ್ತು. ಇನ್ನೊಂದು ತುದಿಯಲ್ಲಿ, ಬಿನ್ ಒಮ್ರಾನ್ ಬಡಾವಣೆಯ ಹಾರ್ಡ್‌ವೇರ್ ಅಂಗಡಿಯವನು ಕತ್ತರಿಸಿ ಕೊಟ್ಟ ಕಡೆ, ಕಬ್ಬಿಣ ಹೊಸದಾಗಿ ಹೊಳೆಯುತ್ತಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ, ನೆನೆಹಾಕಿದ ಕಡಲೆಯ ಪಾತ್ರೆಗೂ ಲಟ್ಟಣಿಗೆಗೂ ನಡುವೆ, ಅದು ಎರಡು ದಿನ ಬಿದ್ದಿತ್ತು. ಮನೆಗೆಲಸದಾಕೆ ಆ ಎರಡು ದಿನವೂ ಅದನ್ನು ಮುಟ್ಟಲಿಲ್ಲ, ಸರಿಸಲಿಲ್ಲ. ಅದರ ಸುತ್ತ ಒರೆಸಿಕೊಂಡು ಕೆಲಸ ಮಾಡಿದಳು.

ಕೊಲ್ಲಿ ದೇಶದ ಈ ಊರಿನಲ್ಲಿ, ಮದೀನತ್ ಖಲೀಫಾ ಬಡಾವಣೆಯ ಆ ವಿಲ್ಲಾದ ಮಹಡಿಯ ಕೋಣೆಯೊಂದರಲ್ಲಿ ನಾನು ಎರಡು ವರ್ಷ ಬಾಡಿಗೆಗಿದ್ದೆ. ಕೆಳಗೆ ಮನೆಯವರು. ನನ್ನ ಹಾಗೆಯೇ ಮಂಗಳೂರಿನ ಕಡೆಯ ಕೊಂಕಣಿ ಕ್ಯಾಥೊಲಿಕರು. ಮನೆಯಾಕೆಯನ್ನು ನಾನು ಆಂಟಿ ಎನ್ನುತ್ತಿದ್ದೆ. ಅವರ ಗಂಡ ಇಂಜಿನಿಯರು; ಮನೆಯಲ್ಲಿ ಮಾತು ಏರಿದಾಗಲೆಲ್ಲ ಅವರಿಗೊಂದು ಆನ್‌ಲೈನ್ ಮೀಟಿಂಗ್ ಇರುತ್ತಿತ್ತು. ಹದಿಮೂರು ವರ್ಷದ ಮಗಳು ಒಬ್ಬಳು. ಮತ್ತೆ, ಅಡುಗೆಮನೆಯ ಹಿಂದಿನ ಸಣ್ಣ ಕೋಣೆಯಲ್ಲಿ ಈಕೆ. ಹಳಿಯಾಳದ ಕಡೆಯ ಸಿದ್ದಿ ಹೆಂಗಸು, ಮೂವತ್ತೈದರ ಆಸುಪಾಸು. ಎಷ್ಟೋ ತಲೆಮಾರುಗಳ ಹಿಂದೆ ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ತಂದು ಮಾರಿದವರ ಸಂತತಿ. ಅವಳೂ ಕ್ಯಾಥೊಲಿಕಳೇ. ಅವಳ ಮನೆಮಾತೂ ಕೊಂಕಣಿಯೇ. ಆದರೆ ಆಂಟಿ ಅವಳೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಕೊಂಕಣಿ ಮಾತಾಡಿದರೆ ಕೆಲಸದವರು ತಲೆಯ ಮೇಲೆ ಹತ್ತಿ ಕೂರುತ್ತಾರೆ ಎಂದು ಒಮ್ಮೆ ನನಗೆ ವಿವರಿಸಿದ್ದರು. ನಾನು ತಲೆಯಾಡಿಸಿದ್ದೆ.

ನಾನು ಓದಿದ್ದು ಇತಿಹಾಸ. ಇಲ್ಲಿ ಮಾಡುತ್ತಿದ್ದದ್ದು ಕಟ್ಟಡ ಕಂಪನಿಯೊಂದರಲ್ಲಿ ಕಾಗದಪತ್ರ ನೋಡಿಕೊಳ್ಳುವ ಕೆಲಸ. ನಕ್ಷೆಯೊಂದು ಬದಲಾದರೆ ಹಳೆಯದಕ್ಕೆ ರದ್ದು ಮುದ್ರೆ ಹಾಕಿ, ಹೊಸದಕ್ಕೆ ಮುಂದಿನ ರಿವಿಷನ್ ನಂಬರು ಕೊಟ್ಟು, ಸಂಬಂಧಪಟ್ಟವರಿಗೆಲ್ಲ ಕಳುಹಿಸುವುದು. ಶುಕ್ರವಾರ ನಮಗೆ ಭಾನುವಾರವಿದ್ದ ಹಾಗೆ. ಅಂದು, ಊರಿನ ಚರ್ಚುಗಳೆಲ್ಲ ಒಟ್ಟಿಗಿರುವ ಕಾಂಪ್ಲೆಕ್ಸಿನಲ್ಲಿ, ನಮ್ಮ ಚರ್ಚಿನ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಿದ್ದೆ. ಹಾಗಾಗಿ ಮನೆಯಲ್ಲಿ ಎಲ್ಲರೂ ನನ್ನನ್ನು ಟೀಚರ್ ಎಂದೇ ಕರೆಯುತ್ತಿದ್ದರು.

ಆ ವರ್ಷ ಈಸ್ಟರಿಗೆ ಮೊದಲಿನ ತಪಸ್ಸುಕಾಲದಲ್ಲಿ ನಮ್ಮ ಕನ್ನಡ ಬಳಗದವರು ಇಪ್ಪತ್ತು ನಿಮಿಷದ ನಾಟಕವೊಂದನ್ನು ಆಡುವುದೆಂದು ನಿರ್ಧರಿಸಿದರು. ವಿಷಯ ರೋಮನ್ನರ ಕಾಲದಲ್ಲಿ ಕ್ರೈಸ್ತ ನಂಬಿಕೆಗಾಗಿ ಜೀವ ಕೊಟ್ಟ ರಕ್ತಸಾಕ್ಷಿಗಳು. ಇತಿಹಾಸ ಓದಿದವಳೆಂದು ಬರೆಯುವ ಕೆಲಸ ನನಗೆ ಬಂತು. ನಾನು ಖುಷಿಯಿಂದಲೇ ಒಪ್ಪಿಕೊಂಡೆ. ಉತ್ತರ ಆಫ್ರಿಕಾದ ಕಾರ್ತೇಜಿನಲ್ಲಿ ಒಂದೇ ಸೆರೆಮನೆಯಲ್ಲಿದ್ದ ಇಬ್ಬರು ಹೆಂಗಸರನ್ನು ಆರಿಸಿಕೊಂಡೆ. ಒಬ್ಬಳು ದೊಡ್ಡ ಮನೆತನದವಳು, ಕೈಗೂಸಿನ ತಾಯಿ. ಇನ್ನೊಬ್ಬಳು ದಾಸಿ, ತುಂಬು ಗರ್ಭಿಣಿ. ಗರ್ಭಿಣಿಯರನ್ನು ಕೊಲ್ಲಬಾರದೆಂದು ರೋಮಿನ ಕಾನೂನಿತ್ತು. ಹಾಗಾಗಿ ದಾಸಿಗೆ ಇದ್ದ ಹೆದರಿಕೆ ಸಾವಿನದ್ದಲ್ಲ. ಜೊತೆಯವರೆಲ್ಲ ಹೋದ ಮೇಲೆ ತಾನೊಬ್ಬಳೇ ಉಳಿದು, ಗುರುತಿಲ್ಲದ ಕಳ್ಳಕಾಕರ ನಡುವೆ ಸಾಯಬೇಕಾದೀತು ಎಂಬುದು. ದಿನ ತುಂಬುವ ಮೊದಲೇ ಅವಳಿಗೆ ಹೆರಿಗೆಯಾಯಿತು. ನೋವಿಗೆ ಕೂಗಿಕೊಂಡಾಗ ಕಾವಲುಗಾರನೊಬ್ಬ, ಇದಕ್ಕೇ ಹೀಗೆ ಕೂಗುವವಳು ನಾಳೆ ಕಾಡುಪ್ರಾಣಿಗಳ ಮುಂದೆ ಏನು ಮಾಡುತ್ತೀ ಎಂದು ಹಂಗಿಸಿದನಂತೆ. ಅವಳು ಅವನಿಗೆ ಉತ್ತರ ಕೊಟ್ಟಳು. ಅವಳದ್ದೆಂದು ದಾಖಲಾಗಿರುವ ಮಾತು ಹೆಚ್ಚುಕಡಿಮೆ ಅದೊಂದೇ.

ಎರಡನೆಯ ರಿವಿಷನ್‌ನಲ್ಲಿ ನಾನು ಅದನ್ನು ತೆಗೆದೆ. ಹೆರಿಗೆಯ ದೃಶ್ಯ ಮಕ್ಕಳ ಮುಂದೆ ಚೆನ್ನಾಗಿರುವುದಿಲ್ಲ ಎಂದು ಬಳಗದವರು ಹೇಳಿದರು, ಸಮಯವೂ ನಾಲ್ಕು ನಿಮಿಷ ಮೀರುತ್ತಿತ್ತು. ದೊಡ್ಡ ಮನೆಯವಳ ಮಾತು ಪೂರ್ತಿ ಉಳಿಯಿತು. ಅವಳ ವಿಚಾರಣೆ ನಡೆಸುವ ರಾಜ್ಯಪಾಲನಿಗೂ ಒಳ್ಳೆಯ ಮಾತು ಬರೆದಿದ್ದೆ. ಅವನು ಗದರುವುದಿಲ್ಲ. ಸಮಾಧಾನದಿಂದ ಹೇಳುತ್ತಾನೆ: ಚಕ್ರವರ್ತಿಯ ಹೆಸರಿನಲ್ಲಿ ಒಂದು ಚಿಟಿಕೆ ಧೂಪ, ಕ್ಷಣದ ಕೆಲಸ, ಕೆಂಡದ ಮೇಲೆ ಉದುರಿಸಿ ಮನೆಗೆ ಹೋಗಿ ಮಗುವಿಗೆ ಹಾಲು ಕೊಡು. ರೋಮ್ ಕೇಳಿದ್ದು ನಿಜಕ್ಕೂ ಅಷ್ಟು ಚಿಕ್ಕದನ್ನೇ. ಅದು ನನಗೆ ಓದುವ ದಿನಗಳಿಂದಲೂ ಕಾಡಿದ ವಿಷಯ.

ತರಗತಿಯಲ್ಲಿ ಇದನ್ನು ಹೇಳಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದ್ದೆ. ಎಲ್ಲರೂ ಸಾಯಲು ತಯಾರಾಗಿ ಕೈ ಎತ್ತಿದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ, "ಟೀಚರ್, ಮೊದಲು ಧೂಪ ಹಾಕಿ ಆಮೇಲೆ ಕನ್ಫೆಷನ್ ಮಾಡಿದ್ರೆ ಆಗ್ತದಾ?" ಎಂದು ಕೇಳಿದಳು. ಎಲ್ಲರೂ ನಕ್ಕರು. ಆ ಕಾಲದಲ್ಲೂ ಹಾಗೆ ಮಾಡಿದವರು ತುಂಬ ಜನ ಇದ್ದರು, ಅವರನ್ನು ಮತ್ತೆ ಸೇರಿಸಿಕೊಳ್ಳಬೇಕೇ ಬೇಡವೇ ಎಂದು ದೊಡ್ಡ ಜಗಳವೇ ನಡೆಯಿತು ಎಂದೆ. ಅಂದು ಅವಳ ಪ್ರಶ್ನೆಗೆ ನಾನೂ ನಕ್ಕಿದ್ದೆ.

ಪಾತ್ರ ಹಂಚಿದ್ದು ಅಲ್ ಥುಮಾಮಾದಲ್ಲಿ, ಬಳಗದವರೊಬ್ಬರ ಫ್ಲ್ಯಾಟಿನಲ್ಲಿ. ದೊಡ್ಡ ಮನೆಯವಳ ಪಾತ್ರ ಆಂಟಿಯ ಮಗಳಿಗೆ ಎಂದು ಮೊದಲೇ ಗೊತ್ತಿತ್ತು. ಅವಳಿಗೆ ಕನ್ನಡ ಓದಲು ಬಾರದು; ನಾನು ಮಾತನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟಿದ್ದೆ. ತೊಡಕಾದದ್ದು ದಾಸಿಯ ಪಾತ್ರ. ಯಾವ ತಾಯಿಯೂ ಒಪ್ಪಲಿಲ್ಲ. ಒಬ್ಬರ ಮಗಳಿಗೆ ಟ್ಯೂಷನ್ ಇತ್ತು, ಇನ್ನೊಬ್ಬರ ಮಗಳಿಗೆ ಅಲರ್ಜಿ. ಮೂರನೆಯವರು, "ನನ್ನ ಮಗಳ ಕಲರ್ ನೋಡಿ, ಅವಳು ದಾಸಿ ಅಂದ್ರೆ ಯಾರಾದ್ರೂ ನಂಬ್ತಾರಾ?" ಎಂದರು.

"ನಮ್ಮ ಮನೆಯಲ್ಲೇ ಇದ್ದಾಳಲ್ಲ," ಎಂದರು ಆಂಟಿ. "ಮೇಕಪ್ಪೂ ಬೇಡ."

ನಗು ತುಂಬ ಹೊತ್ತು ನಡೆಯಿತು. ಯಾರೋ ನಗುತ್ತಲೇ ಛೇ ಛೇ ಎಂದರು. ನಾನು ನಗಲಿಲ್ಲ. ಆದರೆ ಲ್ಯಾಪ್‌ಟಾಪು ನನ್ನ ತೊಡೆಯ ಮೇಲಿತ್ತು. ಪಾತ್ರವರ್ಗದ ಪಟ್ಟಿಯಲ್ಲಿ ದಾಸಿ ಎಂಬುದರ ಎದುರು ಅವಳ ಹೆಸರನ್ನು ಟೈಪು ಮಾಡಿದವಳು ನಾನು. ಮೂರನೆಯ ರಿವಿಷನ್. ಎಲ್ಲರಿಗೂ ಕಳುಹಿಸಿದೆ. ಅವಳಿಗೆ ಕಳುಹಿಸಲಿಲ್ಲ, ಅವಳು ನಮ್ಮ ಗುಂಪಿನಲ್ಲಿರಲಿಲ್ಲ.

ಆಂಟಿ ಕೆಟ್ಟವರೆಂದು ಬರೆದರೆ ಕೆಲಸ ಸುಲಭವಾಗುತ್ತಿತ್ತು. ಲೇಬರ್ ಕ್ಯಾಂಪಿನವರಿಗೆ ಹಬ್ಬಕ್ಕೆ ಬಿರಿಯಾನಿ ಮಾಡಿ ಕಳುಹಿಸುತ್ತಿದ್ದರು. ನನಗೆ ಜ್ವರ ಬಂದಾಗ ಗಂಜಿ ತಂದು ಪಕ್ಕದಲ್ಲಿ ಕುಳಿತಿದ್ದರು. ಒಂಟಿ ಹುಡುಗಿಗೆ ಒಳ್ಳೆಯ ಮನೆಯಲ್ಲಿ ಕೋಣೆ ಸಿಗುವುದು ಈ ಊರಿನಲ್ಲಿ ಎಷ್ಟು ಕಷ್ಟವೆಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆ ತಿಂಗಳು ಹಳಿಯಾಳದಾಕೆಯ ತಾಯಿ ಊರಿನಲ್ಲಿ ತೀರಿಕೊಂಡಾಗ ಅವಳು ಮೀನು ಹುರಿಯುತ್ತಿದ್ದಳು. ಫೋನು ಕೆಳಗಿಟ್ಟು, ಉಳಿದ ಮೀನನ್ನೂ ಹುರಿದು ಮುಗಿಸಿ, ಆಮೇಲೆ ಕೋಣೆಗೆ ಹೋದಳು. ಅಂದು ಸಂಜೆ ಆಂಟಿ ಮನೆಯಲ್ಲಿ ಜಪಸರದ ಪ್ರಾರ್ಥನೆ ಇಟ್ಟುಕೊಂಡರು, ನಿಜವಾಗಿಯೂ ಅತ್ತರು.

ಆದರೆ ವಾರಕ್ಕೊಂದು ರಜೆ ಎಂದು ಅವಳ ಕರಾರಿನಲ್ಲಿ ಬರೆದಿತ್ತು. ಆಂಟಿಯ ಲೆಕ್ಕದಲ್ಲಿ ಆ ರಜೆ ಎಂದರೆ ಶುಕ್ರವಾರ ಮಧ್ಯಾಹ್ನ ಪಾತ್ರೆ ತೊಳೆದ ಮೇಲಿನ ಎರಡು ಗಂಟೆ ನಿದ್ದೆ. ಶುಕ್ರವಾರ ಚರ್ಚಿನ ಪೂಜೆಯ ನಂತರ ನೆಂಟರು ಊಟಕ್ಕೆ ಬರುತ್ತಿದ್ದರು, ಅಡುಗೆ ಆಗಬೇಕಿತ್ತು. ಆ ಮನೆಗೆ ಬಂದ ಹನ್ನೊಂದು ತಿಂಗಳಲ್ಲಿ ಅವಳು ಪೂಜೆಗೆ ಹೋದದ್ದು ಎರಡು ಸಲ. ಬೇರೆ ಯಾವುದಕ್ಕೂ ಅವಳು ತಕರಾರು ಎತ್ತಿದವಳಲ್ಲ. ಈಗ ಒಂದನ್ನು ಕೇಳಿದಳು. ನಾಟಕದ ಶುಕ್ರವಾರವೇ ತಾಯಿ ತೀರಿಕೊಂಡು ತಿಂಗಳಾದದ್ದರ ಪೂಜೆ ಊರಿನ ಇಗರ್ಜಿಯಲ್ಲಿ ನಡೆಯುವುದಿತ್ತು. ಅಂದು ತಾನೂ ಇಲ್ಲಿ ಪೂಜೆಯಲ್ಲಿರಬೇಕು. ಅಷ್ಟೇ.

ಆಂಟಿಗೆ ಎರಡೂ ಕೂಡಿ ಬಂದವು. ಪಾತ್ರ ಮಾಡಲಿ, ಹತ್ತರ ಪೂಜೆಗೆ ತಮ್ಮ ಕಾರಿನಲ್ಲೇ ಬರಲಿ, ಪೂಜೆ ಮುಗಿದ ಕೂಡಲೇ ನಾಟಕ. ಅಂದಿನ ಊಟ ಹೊರಗಿನಿಂದ ತರಿಸಿದರಾಯಿತು. ಅವಳೂ ಒಪ್ಪಿದಳು. ಒಪ್ಪಿದ ಮರುದಿನ ಸರಪಳಿ ಬಂತು.

ಗುರುವಾರ ಸಂಜೆ ಆರರ ಹೊತ್ತಿಗೆ ನಾನು ಕೆಲಸದಿಂದ ಬಂದು ನೀರಿಗೆಂದು ಅಡುಗೆಮನೆಗೆ ಹೋದಾಗ ಮಾತು ಆಗಲೇ ಶುರುವಾಗಿತ್ತು. ಆಂಟಿ ಸರಪಳಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದರು.

"ನೋಡು, ಭಾರವೇ ಇಲ್ಲ. ಒಮ್ಮೆ ಹಾಕಿ ನೋಡು."

"ಪೂಜೆಗೆ ಬರ್ತೀನ್ರಿ ಬಾಯಾರ," ಎಂದಳು ಅವಳು. "ನಾಟಕದಾಗ ನಿಲ್ಲಂದ್ರ ನಿಲ್ತೀನಿ. ಇದನ್ನ ಮಾತ್ರ ಹಾಕ್ಕೊಳ್ಳಂಗಿಲ್ರಿ."

"ಇದಿಲ್ಲದಿದ್ರೆ ದಾಸಿ ಅಂತ ಜನರಿಗೆ ಹೇಗೆ ಗೊತ್ತಾಗುದು?"

ಊಟದ ಮೇಜಿನಲ್ಲಿ ಹೋಂವರ್ಕ್ ಮಾಡುತ್ತಿದ್ದ ಮಗಳು ತಲೆ ಎತ್ತಿದಳು. "ಅವರೇ ಹೇಳಿದ್ರೆ ಆಯ್ತಲ್ಲ ಮಮ್ಮಿ. ಐ ಆ್ಯಮ್ ದ ಸ್ಲೇವ್ ಅಂತ."

"ಅವಳಿಗೆ ಡೈಲಾಗ್ ಇಲ್ಲ. ನೀನು ಬರಿ."

ಹುಡುಗಿ ನನ್ನ ಕಡೆ ನೋಡಿದಳು. ನಾನು ಲೋಟದ ಕಡೆ ನೋಡಿದೆ.

ಹಳಿಯಾಳದಾಕೆ ಕೈ ಒರೆಸಿಕೊಂಡು ನೆಟ್ಟಗೆ ನಿಂತಳು. ಸ್ವರ ಏರಿಸಲಿಲ್ಲ. "ನಮ್ಮ ಹಿರಿಯಾರನ್ನ ಹಡಗಿನ್ಯಾಗ ತರಬೇಕಾದ್ರ ಇಂಥಾದ್ದು ಹಾಕಿದ್ರಂತ್ರಿ. ಗೋವಾದಿಂದ ತಪ್ಪಿಸ್ಕೊಂಡು ಬಂದು ಕಾಡು ಸೇರಿದವ್ರು ಅವ್ರು. ನಮ್ಮವ್ವ ಹೇಳ್ತಿದ್ಲು. ಅವ್ವನ ಪೂಜಿ ದಿನ ನಾ ಇದನ್ನ ಹಾಕ್ಕೊಂಡು ಮಂದಿ ಮುಂದ ನಿಂದ್ರಂಗಿಲ್ಲ."

"ಅದು ನಾಟಕ ಮಾರಾಯ್ತಿ. ಆ ದಾಸಿ ಸಂತಳಾದವಳು. ನಿನಗೆ ಕೊಟ್ಟದ್ದು ಸಂತಳ ಪಾತ್ರ. ಗೌರವ ಅದು."

"ಗೌರವ ಆದ್ರ ನಿಮ್ಮ ಬೇಬಿಗೆ ಕೊಡ್ರಿ."

ಆಂಟಿಯ ಮುಖ ಕೆಂಪಾಯಿತು. ಮನೆಯವಳ ಹಾಗೆ ನೋಡಿಕೊಂಡದ್ದಕ್ಕೆ ಇದಾ ಎಂದರು. ಆಗುವುದಿಲ್ಲವಾದರೆ ಹೇಳಿಬಿಡು, ಊರಿಗೆ ಟಿಕೆಟ್ ಮಾಡಿಸುತ್ತೇನೆ, ಖಲಾಸ್ ಎಂದರು. ಒಳಕೋಣೆಯಿಂದ ಅಂಕಲ್, ಸ್ವಲ್ಪ ಮೆತ್ತಗೆ, ಮೀಟಿಂಗ್ ಉಂಟು ಎಂದರು. ಆಗ ಆಂಟಿ ನನ್ನ ಕಡೆ ತಿರುಗಿದರು.

"ನೀನು ಹೇಳು ಟೀಚರ್. ಹತ್ತು ನಿಮಿಷದ ವಿಷಯ. ಹಾಕುದು, ನಿಲ್ಲುದು, ತೆಗಿಯುದು. ಯಾರಿಗೆ ಎಂತ ನಷ್ಟ?"

ಆ ಮಾತು ನನಗೆ ಗೊತ್ತಿತ್ತು. ಅದನ್ನು ರಾಜ್ಯಪಾಲನಿಗೆ ಬರೆದುಕೊಟ್ಟವಳು ನಾನೇ. ಅದೇ ಸಮಾಧಾನ, ಅದೇ ಲೆಕ್ಕಾಚಾರ, ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂಬ ಅದೇ ಧಾಟಿ. ಅದಕ್ಕೆ ಏನು ಉತ್ತರ ಕೊಡಬೇಕೆಂದು ಎರಡು ವಾರ ಕೂತು ಬರೆದಿದ್ದೆ, ತಿದ್ದಿದ್ದೆ. ಅಡುಗೆಮನೆಯಲ್ಲಿ ನಿಂತಾಗ ಅದರಲ್ಲಿ ಒಂದು ಪದವೂ ಬಾಯಿಗೆ ಬರಲಿಲ್ಲ. ಬಂದದ್ದು ಕಚೇರಿಯ ಬುದ್ಧಿ.

"ದಾಸಿಯ ಪಾತ್ರವನ್ನೇ ತೆಗೆದುಬಿಡುವಾ ಆಂಟಿ," ಎಂದೆ. "ಅವಳಿಲ್ಲದೆಯೂ ಕತೆ ನಿಲ್ತದೆ."

ಜಗಳ ಬಗೆಹರಿಸಿದೆನೆಂದೇ ಅಂದುಕೊಂಡಿದ್ದೆ. ಒಂದು ಕ್ಷಣ ನನಗೆ ಸಮಾಧಾನವೂ ಆಯಿತು. ಆಂಟಿ ಸರಪಳಿಯನ್ನು ಕೆಳಗಿಟ್ಟು ಉಸಿರುಬಿಟ್ಟರು. ಓದಿದವರೆಂದರೆ ಹೀಗಿರಬೇಕು ಎಂದರು. ಆಮೇಲೆ ಅವಳಿಗೆ ಹೇಳಿದರು: "ಹಾಗಾದ್ರೆ ನಾಳೆ ನೀನು ಬರುದು ಬೇಡ. ಹೊರಗಿನ ಊಟ ಕ್ಯಾನ್ಸಲ್ ಮಾಡ್ತೇನೆ, ಹದಿನೈದು ಜನ ಉಂಟು. ಟಿವಿಯಲ್ಲಿ ಪೂಜೆ ಹಾಕಿ ಕೊಡ್ತೇನೆ, ಕೆಲಸ ಮಾಡಿಕೊಂಡು ನೋಡು."

ಅವಳ ಕೈಯಲ್ಲಿ ಇದ್ದದ್ದು ಆ ಪಾತ್ರವೊಂದೇ. ಅವಳು ಬೇಕಾಗಿದ್ದಳು, ಬೇಕಾಗಿದ್ದ ಕಾರಣಕ್ಕೆ ಚೌಕಾಸಿ ಮಾಡಬಹುದಿತ್ತು. ಸರಪಳಿ ಬೇಡ, ಪೂಜೆ ಬೇಕು ಎಂದು ಇನ್ನೊಂದು ಗಂಟೆ ಹಿಡಿದು ನಿಂತಿದ್ದರೆ ಆಂಟಿ ಮಣಿಯುತ್ತಿದ್ದರೇನೋ, ಬೇರೆ ದಾಸಿ ಎಲ್ಲಿಯೂ ಸಿಗುವಂತಿರಲಿಲ್ಲ. ಆ ಒಂದನ್ನು ನಾನು ರದ್ದು ಮುದ್ರೆ ಒತ್ತಿ ತೆಗೆದು ಹಾಕಿದ್ದೆ.

ಆಂಟಿ ಹೊರಗೆ ಹೋದ ಮೇಲೆ ಅವಳು ಒಲೆಯ ಕಡೆ ತಿರುಗಿ, ಕುಕ್ಕರಿನ ಉರಿ ಸಣ್ಣ ಮಾಡಿ, ನನ್ನನ್ನು ನೋಡದೆ ಕೇಳಿದಳು: "ಟೀಚರ್, ತೆಗೀರಿ ಅಂತ ನಿಮ್ಮನ್ನ ಯಾರು ಕೇಳಿದ್ರು?"

ಮೇಲೆ ಹೋಗಿ ಬಾಗಿಲು ಹಾಕಿಕೊಂಡೆ. ಆ ಸಂಜೆಯ ಸಿಟ್ಟು ಈಗ ಬರೆಯುವಾಗಲೂ ಆರಿಲ್ಲ. ಮೊದಲು ಆಂಟಿಯ ಮೇಲೆ. ನಾನೂರು ವರ್ಷಗಳ ಹಿಂದೆ ಯಾರೋ ತೊಡಿಸಿದ ಕಬ್ಬಿಣವನ್ನು ಅಂಗಡಿಯಿಂದ ಅಳತೆ ಹೇಳಿ ಕತ್ತರಿಸಿ ತಂದು, ಭಾರವೇ ಇಲ್ಲ ಎಂದವರ ಮೇಲೆ. ಆಮೇಲೆ ಅಲ್ ಥುಮಾಮಾದ ಆ ನಗುವಿನ ಮೇಲೆ. ಹದಿನೆಂಟು ಶತಮಾನ ದಾಟಿದ ದಾಸಿಯ ಮುಂದೆ ಮೇಣದಬತ್ತಿ ಹಚ್ಚುವವರು, ತಮ್ಮ ಮಗಳು ಇಪ್ಪತ್ತು ನಿಮಿಷ ಆ ದಾಸಿಯಾಗಿ ನಿಲ್ಲಲು ಒಪ್ಪದವರು. ಸತ್ತ ಮೇಲೆ ಪೂಜಿಸಲು ಆಗುತ್ತದೆ. ಬದುಕಿದ್ದಾಗ ಕಾರಿನ ಹಿಂದಿನ ಸೀಟಿನಲ್ಲಿ ಜಾಗವಿಲ್ಲ. ರೋಮಿನವರು ಕ್ರೂರಿಗಳು ಎಂದು ಮಕ್ಕಳಿಗೆ ಕಲಿಸುತ್ತೇವೆ. ರೋಮಿನವರು ಮಾಡಿದ್ದರಲ್ಲಿ ಹೆಚ್ಚಿನದು ಊಟದ ಹೊತ್ತಿನ ಮಾತಿನ ಹಾಗೆ, ಯಾರಿಗೂ ತೊಂದರೆಯಾಗದ ಏರ್ಪಾಟಿನ ಹಾಗೆ ಇತ್ತು ಎಂದು ಕಲಿಸುವುದಿಲ್ಲ.

ಕೊನೆಗೆ ಸಿಟ್ಟು ಬಂದು ನಿಂತದ್ದು ನನ್ನ ಮೇಲೆ, ಅಲ್ಲಿಂದ ಕದಲಲಿಲ್ಲ. ನಾನು ಸರಪಳಿ ತಂದವಳಲ್ಲ, ನಕ್ಕವಳೂ ಅಲ್ಲ. ನಾನು ಮಾಡಿದ್ದು ಅಳಿಸುವುದನ್ನು. ಮೊದಲು ಅವಳ ಒಂದೇ ಮಾತನ್ನು, ಸಮಯ ಮೀರುತ್ತದೆಂದು. ಆಮೇಲೆ ಅವಳನ್ನೇ, ಜಗಳ ಬೇಡವೆಂದು. ನನ್ನ ಕೋಣೆ ಉಳಿಯಲೆಂದು. ಲ್ಯಾಪ್‌ಟಾಪ್ ತೆರೆದು ದಾಸಿಯ ಉತ್ತರವನ್ನು ಹಳೆಯ ರಿವಿಷನ್‌ನಿಂದ ಮತ್ತೆ ಸೇರಿಸಲು ಹೊರಟೆ. ಎರಡು ಸಾಲು ಅಂಟಿಸಿದ ಮೇಲೆ ನಾಚಿಕೆಯಾಯಿತು. ಕೆಳಗೆ ಒಬ್ಬಳು ಹದಿನೈದು ಜನರಿಗೆ ಈರುಳ್ಳಿ ಸುಲಿಯುತ್ತಿದ್ದಳು, ನಾನು ಮೇಲೆ ಕೂತು ಕಾರ್ತೇಜಿನವಳಿಗೆ ನ್ಯಾಯ ಒದಗಿಸುತ್ತಿದ್ದೆ. ಮುಚ್ಚಿಟ್ಟೆ.

ಮರುದಿನ ಬೆಳಿಗ್ಗೆ ಐದೂಮುಕ್ಕಾಲಿಗೆ ಸ್ನಾನ ಮಾಡಿ, ಕಾರಿನ ಕೀ ಹಿಡಿದು ಕೆಳಗಿಳಿದೆ. ಅವಳು ಆಗಲೇ ಕೋಳಿ ತೊಳೆಯುತ್ತಿದ್ದಳು. ಏಳರ ಪೂಜೆಗೆ ಹೋಗುವಾ, ಕಾರು ಹೊರಗಿದೆ ಎಂದು ಪಿಸುದನಿಯಲ್ಲಿ ಹೇಳಿದೆ.

ಅವಳು ನಲ್ಲಿ ನಿಲ್ಲಿಸಿದಳು. "ಕದ್ದು ಬರಂಗಿಲ್ರಿ ಟೀಚರ್. ಹೇಳಿ ಬರ್ತೀನಿ. ನೀವು ಹೇಳ್ತೀರೋ, ನಾ ಹೇಳ್ಲೋ?"

ನಾನು ಹೇಳುತ್ತೇನೆ ಎಂದೆ. ಅವಳು ಸೀರೆ ಉಟ್ಟು ಬರಲು ಹೋದಳು. ನಾನು ಆಂಟಿಯ ಮಲಗುವ ಕೋಣೆಯ ಬಾಗಿಲು ತಟ್ಟಿದೆ. ಎರಡನೆಯ ಸಲ ಸ್ವಲ್ಪ ಜೋರಾಗಿ ತಟ್ಟಬೇಕಾಯಿತು. ಆಂಟಿ ನೈಟಿಯಲ್ಲಿ ಬಂದು, ಯಾರಿಗೆ ಏನಾಯಿತು ಎಂದು ಗಾಬರಿಯಿಂದ ಕೇಳಿದರು.

"ಯಾರಿಗೂ ಏನೂ ಆಗಿಲ್ಲ ಆಂಟಿ. ಇವರನ್ನು ಏಳರ ಪೂಜೆಗೆ ಕರ್ಕೊಂಡು ಹೋಗ್ತಾ ಇದ್ದೇನೆ. ಅದನ್ನು ಹೇಳ್ಲಿಕ್ಕೆ ಬಂದೆ."

"ಊಟಕ್ಕೆ?"

"ನನಗೆ ಗೊತ್ತಿಲ್ಲ." ನಾಟಕ ಆಡುವುದಾದರೆ ನಾನು ಬರೆದದ್ದನ್ನು ಆಡಬೇಡಿ, ಬಳಗದವರಿಗೂ ಈಗಲೇ ತಿಳಿಸುತ್ತೇನೆ ಎಂದೆ. ಕೋಣೆಯನ್ನು ತಿಂಗಳ ಕೊನೆಗೆ ಬಿಡುತ್ತೇನೆ ಎಂದೆ. ಕೊನೆಗೆ ಹೇಳಿದೆ: "ಇವರಿಗೆ ಟಿಕೆಟ್ ಮಾಡಿಸಿದ್ರೆ, ಹನ್ನೊಂದು ತಿಂಗಳಲ್ಲಿ ಎಷ್ಟು ರಜೆ ಸಿಕ್ಕಿತು ಅಂತ ಲೇಬರ್ ಆಫೀಸಿನಲ್ಲಿ ಕೇಳುವವರಿಗೆ ನಾನು ಬರೆದು ಸಹಿ ಹಾಕಿ ಕೊಡ್ತೇನೆ. ನಾನು ಇದೇ ಮನೆಯಲ್ಲಿ ಇದ್ದವಳು."

ಆಂಟಿ ಬಲಗೈ ಎತ್ತಿ ತೋರಿಸಿದರು. "ನಿನಗೆ ಗಂಜಿ ಕೊಟ್ಟ ಕೈ ಇದು," ಎಂದರು. ಅದು ನಿಜವಾಗಿತ್ತು. ಹೌದು ಆಂಟಿ ಎಂದು ಹೊರಗೆ ಬಂದೆ.

ದಾರಿಯಲ್ಲಿ ನಾನು ಕ್ಷಮೆ ಕೇಳಲು ಎರಡು ಸಲ ಬಾಯಿ ತೆರೆದೆ, ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದಳು. ಅವಳ ಬೆಳಿಗ್ಗೆಯನ್ನು ನನ್ನ ಸಮಾಧಾನಕ್ಕೆ ಬಳಸಬಾರದು ಎನ್ನಿಸಿ ಸುಮ್ಮನಾದೆ. ಕಾಂಪ್ಲೆಕ್ಸಿನ ಗೇಟಿನಲ್ಲಿ ಹೆಂಗಸರ ಸಾಲಿನಲ್ಲಿ ನಿಂತು, ಚೀಲ ತೋರಿಸಿ, ಕಾರ್ಡು ತೋರಿಸಿ ಒಳಗೆ ಹೋದೆವು. ಚರ್ಚಿನ ಕಚೇರಿಯ ಮುಂದೆ ಮೃತರಿಗಾಗಿ ಪೂಜೆ ಬರೆಸುವ ಚೀಟಿಗಳಿದ್ದವು. ನಾನು ಒಂದನ್ನು ತೆಗೆದುಕೊಂಡು, ಪೆನ್ನು ಹಿಡಿದು, ಅವಳ ತಾಯಿಯ ಹೆಸರೇನೆಂದು ಕೇಳಿದೆ. ಒಂದೇ ಸೂರಿನ ಕೆಳಗೆ ಹನ್ನೊಂದು ತಿಂಗಳು ಇದ್ದೂ ನಾನು ಅದನ್ನು ಕೇಳಿರಲಿಲ್ಲ.

ಅವಳು ಪೆನ್ನಿಗಾಗಿ ಕೈ ಚಾಚಿದಳು. ಕೊಟ್ಟೆ. ಗೋಡೆಗೆ ಚೀಟಿ ಒತ್ತಿ ಹಿಡಿದು, ಕನ್ನಡದಲ್ಲಿ, ನಿಧಾನವಾಗಿ, ತಾಯಿಯ ಹೆಸರು ಬರೆದಳು. ಅದರ ಕೆಳಗೆ ತನ್ನದು. ಕಚೇರಿಯ ಕಿಟಕಿಯಲ್ಲಿದ್ದವನಿಗೆ ಕನ್ನಡ ಬಾರದು. ಎರಡು ಹೆಸರನ್ನೂ ಅವಳು ಹೇಳಿದಳು, ಅವನು ಇಂಗ್ಲಿಷಿನಲ್ಲಿ ಬರೆದುಕೊಂಡು ಒಂದು ಅಕ್ಷರ ತಪ್ಪಿಸಿದ. ಅವಳು ಬೆರಳಿಟ್ಟು ತೋರಿಸಿ ತಿದ್ದಿಸಿದಳು. ಗಂಟೆ ಹೊಡೆಯಿತು. ಅವಳು ಮುಂದಿನ ಸಾಲುಗಳ ಕಡೆ ನಡೆದಳು. ನಾನು ಅವಳ ಹಿಂದೆ ಹೋಗಲಿಲ್ಲ. ಬಾಗಿಲ ಬಳಿಯ ಕೊನೆಯ ಬೆಂಚಿನಲ್ಲಿ ಕೂತು, ಫೋನು ತೆಗೆದು, ನನ್ನ ನಾಟಕವನ್ನು ಆಡಬೇಡಿ ಎಂದು ಬಳಗದ ಗುಂಪಿಗೆ ಮೂರು ಸಾಲು ಬರೆದು ಕಳುಹಿಸಿ, ಫೋನು ಆಫ್ ಮಾಡಿದೆ.